ಮಾನ್ಸ್ಟೆರಾ ಗಿಡದಲ್ಲಿ ಕಾಯಿ ಬಿಟ್ಟಿದೆ, ತಿನ್ನಬಹುದಾ?

ಹಿತ್ತಲ_ಗಿಡ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಿಂದೆ ಒಂದು ತೆಂಗಿನ ಮರ ಇದೆ. ಅದರ ಬುಡದಲ್ಲಿ ಅತ್ತೆ ಯಾವಾಗಲೋ ಮಾನ್ಸ್ಟೆರಾ ನೆಟ್ಟಿದ್ದರು. ಅದೇ, ಎಲೆ ತುಂಬ ತೂತು ತೂತು ಇರುತ್ತದಲ್ಲ, ಈಗ ಯಾವ ಕೆಫೆಗೆ ಹೋದರೂ ಮೂಲೆಯಲ್ಲಿ ಕುಂಡದಲ್ಲಿ ನಿಂತಿರುತ್ತದಲ್ಲ, ಆ ಗಿಡ. ಅದರ ಪಾಡಿಗೆ ಅದು ಬೆಳೆದುಕೊಂಡು ಈಗ ಆಳೆತ್ತರ ದಾಟಿದೆ. ಒಂದೊಂದು ಎಲೆ ಮೊರದಗಲ.

ಹೋದ ವರ್ಷ ಕೆನೆ ಬಣ್ಣದ ಹೂ ಬಿಟ್ಟಿತ್ತು. ಹೂ ಅಂದರೆ ಒಂದು ದಪ್ಪ ಹಾಳೆ, ಅದರ ನಡುವೆ ಒಂದು ಕೋಲು. ಹಾಳೆ ಒಣಗಿ ಬಿದ್ದುಹೋಯಿತು, ಕೋಲು ಹಾಗೇ ಉಳಿಯಿತು. ಈಗ ಅದು ಹಸಿರು ಜೋಳದ ತೆನೆ ಹಾಗೆ ಕಾಣುತ್ತದೆ. ಗೇಣುದ್ದಕ್ಕಿಂತ ಸ್ವಲ್ಪ ಜಾಸ್ತಿ ಇದೆ. ಮೈ ತುಂಬ ಆರು ಮೂಲೆಯ ಚಿಪ್ಪು. ಇಂಥವು ಒಟ್ಟು ಮೂರು ಇವೆ.

ಅತ್ತೆ "ಅದು ವಿಷ, ಕಿತ್ತು ಬಿಸಾಕು" ಅನ್ನುತ್ತಾರೆ. ಮಗಳು ಮೊಬೈಲ್ ನೋಡಿ "ಇದು ಹಣ್ಣಾಗುತ್ತೆ, ತಿನ್ನಬಹುದು" ಅನ್ನುತ್ತಾಳೆ. ಯಾರ ಮಾತು ಕೇಳಲಿ?

ಗಿಡಮೇಷ್ಟ್ರು (ಶಿವಮೊಗ್ಗ)

ಇಬ್ಬರದೂ ಸರಿ. ಕಾಯಾಗಿದ್ದಾಗ ಅತ್ತೆ ಸರಿ, ಹಣ್ಣಾದ ಮೇಲೆ ಮಗಳು ಸರಿ. ಸದ್ಯಕ್ಕೆ ಅತ್ತೆ ಮಾತು ಕೇಳಿ, ಆದರೆ ಕೀಳಬೇಡಿ.

ಇದು ಮಾನ್ಸ್ಟೆರಾ ಡೆಲಿಸಿಯೋಸಾ. ಮೂಲ ದಕ್ಷಿಣ ಮೆಕ್ಸಿಕೊ ಮತ್ತು ಗ್ವಾಟೆಮಾಲದ ಮಳೆಕಾಡು. ಅಲ್ಲಿ ಮರ ಹತ್ತಿಕೊಂಡೇ ಬದುಕುವ ಬಳ್ಳಿ. ನಮ್ಮ ಕೆಸು, ಸುವರ್ಣಗಡ್ಡೆ, ಮನಿ ಪ್ಲಾಂಟ್, ಆಂಥೂರಿಯಂ ಎಲ್ಲ ಇದರ ನೆಂಟರೇ, ಒಂದೇ ಕುಟುಂಬ. ಕೆಸು ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದಲ್ಲ, ಇಲ್ಲೂ ಕಾರಣ ಅದೇ. ಕ್ಯಾಲ್ಸಿಯಂ ಆಕ್ಸಲೇಟ್ ಅನ್ನುವ ವಸ್ತು ಸೂಜಿಯಂಥ ಸಣ್ಣ ಹರಳುಗಳಾಗಿ ಗಿಡದ ಒಳಗೆ ಇರುತ್ತದೆ. ಕಾಯಿ ಕಚ್ಚಿದರೆ ಆ ಸೂಜಿಗಳು ನಾಲಿಗೆಗೆ, ತುಟಿಗೆ, ಗಂಟಲಿಗೆ ಚುಚ್ಚುತ್ತವೆ. ಉರಿ, ನವೆ, ಊತ ಎಲ್ಲ ಬರುತ್ತದೆ. ಎಲೆ, ಕಾಂಡ, ಬೇರು ಯಾವಾಗಲೂ ಹೀಗೆಯೇ. ಈ ಗಿಡದಲ್ಲಿ ತಿನ್ನಲು ಬರುವುದು ಪೂರ್ತಿ ಮಾಗಿದ ಹಣ್ಣು ಒಂದೇ.

ಇನ್ನೊಂದು ವಿಷಯ. ಹೂ ಬಿಟ್ಟು ಹಣ್ಣಾಗಲು ಒಂದು ವರ್ಷ ಬೇಕು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಈ ವರ್ಷದ ಹೂ ಮತ್ತು ಹೋದ ವರ್ಷದ ಕಾಯಿ ಒಂದೇ ಬಳ್ಳಿಯಲ್ಲಿ ಒಟ್ಟಿಗೆ ಇರುವುದು ಮಾಮೂಲು. ನಿಮ್ಮ ಮೂರರಲ್ಲಿ ಯಾವುದು ಮೊದಲು ಬಿಟ್ಟಿದ್ದು ಅಂತ ನೆನಪಿದೆಯಾ? ಸಾಮಾನ್ಯವಾಗಿ ಕೆಳಗಿರುವುದೇ ಹಳೆಯದು.

ಪತ್ರೊಡೆ_ಪ್ರೇಮಿ (ಉಡುಪಿ)

ಕೆಸುವಿನ ನೆಂಟನಾ! ಹಾಗಾದರೆ ಇದು ನಮ್ಮ ಕಡೆಯ ವಿಷಯ ಮಾರಾಯ್ರೇ. ಆಟಿ ತಿಂಗಳಲ್ಲಿ ಮರಕೆಸು ತಂದು ಪತ್ರೊಡೆ ಮಾಡುವುದಿಲ್ಲವಾ, ಹುಳಿ ಚೆನ್ನಾಗಿ ಹಾಕಿದರೆ ತುರಿಕೆ ಬರುವುದಿಲ್ಲ. ಸುವರ್ಣಗಡ್ಡೆಗೂ ಅಷ್ಟೇ, ಕೈಗೆ ತೆಂಗಿನೆಣ್ಣೆ ಹಚ್ಚಿ ಹೆಚ್ಚಿ ಹುಣಸೆ ನೀರಲ್ಲಿ ಬೇಯಿಸುತ್ತೇವೆ. ಈ ಕಾಯಿಯನ್ನೂ ಬಾಳೆಕಾಯಿ ಹಾಗೆ ಹುಳಿ ಹಾಕಿ ಪಲ್ಯ ಮಾಡಿದರೆ ಆಗುವುದಿಲ್ಲವಾ? ಒಂದು ವರ್ಷ ಯಾರು ಕಾಯುತ್ತಾರೆ?

ಗಿಡಮೇಷ್ಟ್ರು (ಶಿವಮೊಗ್ಗ)

ದಯವಿಟ್ಟು ಬೇಡ. ಕೆಸುವಿನ ವಿಷಯದಲ್ಲಿ ನಮ್ಮ ಹಿರಿಯರು ಎಷ್ಟೋ ತಲೆಮಾರು ತಿಂದು ನೋಡಿ, ಯಾವ ಎಲೆ, ಎಷ್ಟು ಎಳೆಯದು, ಎಷ್ಟು ಹುಳಿ, ಎಷ್ಟು ಹೊತ್ತು ಬೇಯಬೇಕು ಎಂದು ಲೆಕ್ಕ ಕಂಡುಕೊಂಡಿದ್ದಾರೆ. ಅಷ್ಟಾದರೂ ಒಮ್ಮೊಮ್ಮೆ ಪತ್ರೊಡೆ ತುರಿಸುವುದಿಲ್ಲವೇ? ಮಾನ್ಸ್ಟೆರಾ ಕಾಯಿಗೆ ಅಂಥ ಲೆಕ್ಕ ನಮ್ಮ ಹತ್ತಿರ ಇಲ್ಲ. ಮಾಗುವಾಗ ತುರಿಕೆ ತಾನಾಗಿ ತಗ್ಗುತ್ತದೆ. ಅದೇ ಸಾಕು. ಹುಣಸೆಹಣ್ಣು ಪತ್ರೊಡೆಗೇ ಇರಲಿ.

ಬ್ರಿಸ್ಬೇನ್_ಅಕ್ಕ (ಆಸ್ಟ್ರೇಲಿಯಾ)

ಈ ಪ್ರಶ್ನೆಗೆ ಉತ್ತರ ಹೇಳಲು ನಾನೇ ಬರಬೇಕು! ಇಲ್ಲಿ ಬ್ರಿಸ್ಬೇನ್‌ನಲ್ಲಿ ಹಳೇ ಮನೆಗಳ ಹಿತ್ತಲಲ್ಲಿ ಇದು ಪೊದೆ ಪೊದೆಯಾಗಿ ಬೆಳೆಯುತ್ತದೆ. ಬೇಲಿ ದಾಟಿ ರಸ್ತೆಗೆ ಬಂದಿರುತ್ತದೆ. ಊರು ಬಿಟ್ಟು ಬಂದ ಹೊಸತರಲ್ಲಿ ಪಕ್ಕದ ಮನೆಯ ಅಜ್ಜಿ ಒಂದು ಹಣ್ಣು ಕೊಟ್ಟು, ತಿನ್ನುವ ಕ್ರಮವನ್ನೂ ಹೇಳಿಕೊಟ್ಟಿದ್ದರು. ಅದನ್ನೇ ಬರೆಯುತ್ತೇನೆ.

ಮೊದಲು, ಯಾವಾಗ ಕೊಯ್ಯಬೇಕು. ಬಣ್ಣ ನೋಡಿ ಗೊತ್ತಾಗುವುದಿಲ್ಲ. ಕಡೇ ತನಕ ಹಸಿರಾಗಿಯೇ ಇರುತ್ತದೆ, ಸ್ವಲ್ಪ ತಿಳಿಯಾಗಬಹುದು ಅಷ್ಟೇ. ತೊಟ್ಟಿನ ಕಡೆ ನೋಡಿ. ಅಲ್ಲಿ ಚಿಪ್ಪುಗಳ ನಡುವೆ ಸಂದು ಬಿಟ್ಟು ಒಳಗಿನ ಬಿಳಿ, ತಿಳಿ ಹಳದಿ ಕಾಣತೊಡಗಿದರೆ ಅಥವಾ ಒಂದೆರಡು ಚಿಪ್ಪು ಬಿದ್ದಿದ್ದರೆ ಹೊತ್ತು ಬಂದಿದೆ ಎಂದು ಅರ್ಥ. ಸ್ವಲ್ಪ ತೊಟ್ಟು ಸಮೇತ ಕೊಯ್ಯಿರಿ. ಅದಕ್ಕೂ ಮುಂಚೆ ಅವಸರ ಮಾಡಿ ಕೊಯ್ದರೆ ಅದು ಹಣ್ಣಾಗುವುದೇ ಇಲ್ಲ. ಮುದುಡಿಕೊಂಡು ಹಾಳಾಗುತ್ತದೆ.

ಆಮೇಲೆ ಪೇಪರಿನಲ್ಲಿ ಸುತ್ತಿ ಅಡುಗೆಮನೆ ಕಟ್ಟೆ ಮೇಲೆ ಇಡಿ. ನಾನು ಎತ್ತರದ ಗಾಜಿನ ಲೋಟದಲ್ಲಿ ತೊಟ್ಟು ಮೇಲೆ ಬರುವ ಹಾಗೆ ನಿಲ್ಲಿಸುತ್ತೇನೆ, ಬಿದ್ದ ಚಿಪ್ಪು ಲೋಟದಲ್ಲೇ ಉಳಿಯುತ್ತದೆ. ಫ್ರಿಜ್‌ನಲ್ಲಿ ಇಡಬೇಡಿ.

ಈ ಹಣ್ಣು ಒಟ್ಟಿಗೆ ಮಾಗುವುದಿಲ್ಲ. ತೊಟ್ಟಿನಿಂದ ಶುರುವಾಗಿ ತುದಿಯ ಕಡೆಗೆ, ದಿನಕ್ಕೆ ಎರಡು ಮೂರು ಬೆರಳಿನಷ್ಟು. ಇವತ್ತು ಮೇಲಿನ ಚಿಪ್ಪು ಉದುರುತ್ತದೆ, ಅಷ್ಟು ತಿನ್ನಬೇಕು. ನಾಳೆ ಇನ್ನಷ್ಟು ಉದುರುತ್ತದೆ, ಅಷ್ಟು ತಿನ್ನಬೇಕು. ಪೂರ್ತಿ ಮುಗಿಯಲು ಒಂದು ವಾರದ ಹತ್ತಿರ ಬೇಕು. ಚಿಪ್ಪು ತಾನಾಗಿ ಬೀಳಬೇಕು, ಅಥವಾ ಬೆರಳಲ್ಲಿ ಸುಮ್ನೆ ಸವರಿದರೆ ಉದುರಬೇಕು. ಉಗುರಲ್ಲಿ ಎಬ್ಬಿಸಬೇಕಾಗಿ ಬಂದರೆ ಅದು ಇನ್ನೂ ಕಾಯಿ. ಮುಟ್ಟಬೇಡಿ.

ಚಿಪ್ಪಿನ ಕೆಳಗೆ ಸಣ್ಣ ಸಣ್ಣ ಬಿಳಿ ತೊಳೆಗಳಿರುತ್ತವೆ. ಹೆಚ್ಚಾಗಿ ಬೀಜ ಇರುವುದಿಲ್ಲ. ತೊಳೆಗಳ ನಡುವೆ ಕಪ್ಪು ಚುಕ್ಕೆ ಹಾಗೆ ಏನೋ ಅಂಟಿಕೊಂಡಿರುತ್ತದೆ. ಅದು ಹೂವಿನ ಒಣಗಿದ ಚೂರು. ಆದಷ್ಟು ತೆಗೆದುಬಿಡಿ, ಗಂಟಲು ಕೆರೆಯುವುದು ಅದರಿಂದಲೇ ಜಾಸ್ತಿ. ನಡುವಿನ ದಿಂಡು ತಿನ್ನಬಾರದು.

ರುಚಿ? ಅನಾನಸ್ ಮತ್ತು ಬಾಳೆಹಣ್ಣು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದರ ಜೊತೆ ಹಲಸಿನ ಹಣ್ಣಿನ ಪರಿಮಳವೂ ಬರುತ್ತದೆ. ಮನೆ ಪೂರ್ತಿ ಘಂ ಅನ್ನುತ್ತದೆ. ಯಾರಾದರೂ ಬಂದರೆ "ಏನು ಹಣ್ಣು ತಂದಿದ್ದೀರಿ" ಎಂದು ಕೇಳದೇ ಹೋಗುವುದಿಲ್ಲ.

ಖಡಕ್_ರೊಟ್ಟಿ (ಧಾರವಾಡ)

ಒಂದು ವರ್ಷ ಕಾಯಬೇಕು. ಆಮ್ಯಾಲೆ ಒಂದು ವಾರ ಚಿಪ್ಪು ಬೀಳೂದನ್ನ ನೋಡಿಕೋತ ಕೂಡಬೇಕು. ಕರಿ ಚುಕ್ಕೆ ಆರಿಸಬೇಕು. ಇಷ್ಟೆಲ್ಲ ಆದಮ್ಯಾಲೆ ಸಿಗೂದು ಅನಾನಸ್, ಬಾಳೆಹಣ್ಣಿನ ರುಚಿ. ಮಾರ್ಕೆಟ್ಟಿಗೆ ಹೋಗಿ ಒಂದು ಅನಾನಸ್, ಒಂದು ಡಜನ್ ಬಾಳೆಹಣ್ಣು ತಂದರ ಅರ್ಧ ತಾಸಿನ ಕೆಲಸ ಅಲ್ಲೇನ್ರೀ?

ಬ್ರಿಸ್ಬೇನ್_ಅಕ್ಕ (ಆಸ್ಟ್ರೇಲಿಯಾ)

ನಿಜ ಹೇಳಿದಿರಿ ನೋಡಿ! ಅಂಗಡಿಗಳಲ್ಲಿ ಇದು ಅಪರೂಪವಾಗಿರುವುದೂ ಅದಕ್ಕೇ. ಒಂದು ಕಡೆ ಹಣ್ಣು, ಇನ್ನೊಂದು ಕಡೆ ಕಾಯಿ ಇರುವುದನ್ನು ಯಾವ ವ್ಯಾಪಾರಿ ಮಾರುತ್ತಾನೆ? ಪೋರ್ಚುಗಲ್‌ಗೆ ಸೇರಿದ ಮಡೀರಾ ದ್ವೀಪದಲ್ಲಿ ಫುಂಚಲ್ ಊರಿನ ಮಾರುಕಟ್ಟೆಯಲ್ಲಿ ಪ್ರವಾಸಿಗಳಿಗೆ ಮಾರುತ್ತಾರೆ. ಬಾಕಿ ಕಡೆ ಹೆಚ್ಚಾಗಿ ಇದು ಹಿತ್ತಲಿನ ಹಣ್ಣು. ಬೆಳೆದವರಿಗೆ ಮತ್ತು ಅವರ ಅಕ್ಕಪಕ್ಕದವರಿಗೆ ಸಿಗುವಂಥದ್ದು. ನನಗೆ ಅದೇ ಇಷ್ಟ.

ಕಾಫಿ_ಕಣ (ಮಡಿಕೇರಿ)

ತಿನ್ನುವ ವಿಷಯ ಅಕ್ಕ ಹೇಳಿದ್ದಾರೆ. ಬೆಳೆಯುವುದರ ಬಗ್ಗೆ ನಾನು ಬರೆಯುತ್ತೇನೆ. ನಮ್ಮ ಮನೆ ಪಕ್ಕ ಎರಡು ಮರಕ್ಕೆ ಇದನ್ನು ಹಬ್ಬಿಸಿದ್ದೇವೆ.

ತುಂಬ ಜನ ಇದನ್ನು ಕುಂಡದಲ್ಲಿ ಇಟ್ಟು, ಯಾಕೆ ಹೂ ಬಿಡುವುದಿಲ್ಲ ಎಂದು ಕೇಳುತ್ತಾರೆ. ಇದು ಬಳ್ಳಿ. ಹತ್ತಲು ಏನಾದರೂ ಬೇಕು. ಕರಿಮೆಣಸು ಬೆಳೆಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಾಲವಾಣಕ್ಕೋ ಸಿಲ್ವರ್ ಓಕ್‌ಗೋ ಮೆಣಸಿನ ಬಳ್ಳಿ ಹಬ್ಬಿಸುವ ಹಾಗೆಯೇ ಇದನ್ನೂ ಹಬ್ಬಿಸಬೇಕು. ಬುಡದಿಂದ ಒಂದಡಿ ದೂರ ಗುಂಡಿ, ಮರಳು ಮಿಶ್ರಿತ ಮಣ್ಣು, ಕೊಟ್ಟಿಗೆ ಗೊಬ್ಬರ, ಮೇಲೆ ದಪ್ಪಗೆ ತರಗೆಲೆ. ನೀರು ನಿಲ್ಲಬಾರದು. ನಮ್ಮ ಕಡೆ ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುವುದೇ ದೊಡ್ಡ ಸಮಸ್ಯೆ. ಹಾಗಾಗಿ ಬುಡ ಸ್ವಲ್ಪ ಏರಿಸಿ ನೆಡುತ್ತೇವೆ.

ಬಿಸಿಲಿನ ವಿಷಯದಲ್ಲಿ ಜನ ಎರಡು ಅತಿಗೆ ಹೋಗುತ್ತಾರೆ. ಕತ್ತಲ ಕೋಣೆಯಲ್ಲಿ ಇಟ್ಟರೆ ಸಾಯುವುದಿಲ್ಲ, ಆದರೆ ಎಲೆಗೆ ತೂತೇ ಬರುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಇಟ್ಟರೆ ಎಲೆ ಸುಟ್ಟುಹೋಗುತ್ತದೆ. ಬೆಳಗಿನ ಬಿಸಿಲು ಅಥವಾ ಮರದ ಎಲೆಗಳ ನಡುವಿಂದ ಸೋಸಿ ಬರುವ ಬೆಳಕು ಚೆನ್ನ. ಮಡಿಕೇರಿ, ಚಿಕ್ಕಮಗಳೂರು, ಶಿರಸಿ, ಬೆಂಗಳೂರು, ಕರಾವಳಿ, ಎಲ್ಲ ಕಡೆ ಬರುತ್ತದೆ. ಇದಕ್ಕೆ ಆಗದಿರುವುದು ಹಿಮ ಬೀಳುವ ಚಳಿ. ನಮ್ಮ ರಾಜ್ಯದಲ್ಲಿ ಆ ಚಿಂತೆ ಇಲ್ಲ. ಕಲಬುರಗಿ, ರಾಯಚೂರಿನ ಒಣ ಬೇಸಿಗೆಗೆ ಮಾತ್ರ ಗಟ್ಟಿ ನೆರಳು ಬೇಕು, ಬುಡ ಯಾವಾಗಲೂ ತೇವವಾಗಿರಬೇಕು.

ಕಾಂಡದಿಂದ ಹಗ್ಗದ ಹಾಗೆ ಬೀಳಲು ಇಳಿಯುತ್ತವೆ. ಅಂದ ಕೆಡುತ್ತದೆ ಎಂದು ಕತ್ತರಿಸುವವರಿದ್ದಾರೆ. ಕತ್ತರಿಸಬೇಡಿ. ಕೆಲವು ಬೀಳಲು ಮರ ಹಿಡಿದುಕೊಳ್ಳುತ್ತವೆ, ಕೆಲವು ನೆಲ ಮುಟ್ಟಿ ನೀರು, ಗೊಬ್ಬರ ಎಳೆಯುತ್ತವೆ. ನೆಲ ಮುಟ್ಟಿದ ಮೇಲೆ ಬಳ್ಳಿಯ ಓಟವೇ ಬೇರೆ. ಇದು ಬಂದಳಿಕೆ ಅಲ್ಲ, ಆಸರೆ ಮರದ ರಸ ಹೀರುವುದಿಲ್ಲ.

ಬೀಜದಿಂದ ಬೆಳೆಸುವುದು ನಿಧಾನ. ಹೂ ಬಿಡುತ್ತಿರುವ ಬಳ್ಳಿಯಿಂದಲೇ ತುಂಡು ತನ್ನಿ. ಚೆನ್ನಾಗಿ ಊರಿಕೊಂಡರೆ ಸುಮಾರು ಮೂರು ವರ್ಷಕ್ಕೆ ಹೂ ನೋಡಬಹುದು. ಕತ್ತರಿಸುವಾಗ ಬರುವ ರಸ ಕೈಗೆ ತಾಗಿದರೂ ಕೆಲವರಿಗೆ ತುರಿಸುತ್ತದೆ, ಗ್ಲೌಸ್ ಹಾಕಿಕೊಳ್ಳಿ. ರೋಗ ಕಡಿಮೆ. ಹಿಟ್ಟುತಿಗಣೆ ಬಂದರೆ ಬೇವಿನೆಣ್ಣೆ ಸಾಕು.

@ಹಿತ್ತಲ_ಗಿಡ, ನಿಮ್ಮದು ತೆಂಗಿನ ಮರ ಅಂದಿರಿ. ಕಾಯಿ ಕೀಳಲು ಹತ್ತುವವರಿಗೆ ಈ ಬಳ್ಳಿ ದೊಡ್ಡ ಕಾಟ. ತಲೆ ಮಟ್ಟಕ್ಕಿಂತ ಸ್ವಲ್ಪ ಮೇಲೆ ತುದಿ ಕತ್ತರಿಸಿಬಿಡಿ. ಪಕ್ಕದಿಂದ ಚಿಗುರುತ್ತದೆ. ಹಣ್ಣೂ ಕೈಗೆ ಎಟುಕುವ ಹಾಗೆ ಇರುತ್ತದೆ.

ಎಂಟನೇ_ಮಹಡಿ (ಬೆಂಗಳೂರು)

ನೆಲ ಇಲ್ಲದವರ ಕಥೆ ಏನು ಸ್ವಾಮಿ? ನಮ್ಮದು ಫ್ಲಾಟ್. ಬಾಲ್ಕನಿಯಲ್ಲಿ ಕುಂಡ, ಅದರಲ್ಲಿ ಬಳ್ಳಿ ಹತ್ತಲು ಪಾಚಿ ಸುತ್ತಿದ ಮಾಸ್ ಕಂಬ. ಹಣ್ಣು ಬರುತ್ತದಾ?

ಇನ್ನೊಂದು ಗೋಳು. ಒಬ್ಬ ಆನ್‌ಲೈನ್ ಮಾರಾಟಗಾರನಿಂದ "ಕಟಿಂಗ್" ತರಿಸಿದೆ. ಬಂದಿದ್ದು ಬರೀ ಒಂದು ಎಲೆ, ಉದ್ದ ದಂಟು. ನೀರಿನಲ್ಲಿ ಇಟ್ಟಿದ್ದೇನೆ. ಎಲೆ ಫ್ರೆಶ್ ಆಗಿಯೇ ಇದೆ, ಆದರೆ ಹೊಸ ಎಲೆ ಬರುತ್ತಲೇ ಇಲ್ಲ.

ಕಾಫಿ_ಕಣ (ಮಡಿಕೇರಿ)

ಬರುವುದೂ ಇಲ್ಲ. ಗೆಣ್ಣು ಇಲ್ಲದ ಎಲೆಯಿಂದ ಗಿಡ ಆಗುವುದಿಲ್ಲ. ನೀರಲ್ಲಿ ಬೇರು ಬಿಟ್ಟರೂ ಬಿಡಬಹುದು, ಚಿಗುರು ಮಾತ್ರ ಬಾರದು. ಚಿಗುರುವ ಕಣ್ಣು ಇರುವುದು ಕಾಂಡದ ಗೆಣ್ಣಿನಲ್ಲಿ. ಕೊಳ್ಳುವಾಗ ಒಂದು ಗೆಣ್ಣು, ಸಾಧ್ಯವಾದರೆ ಒಂದು ಬೀಳಲು ಇರುವ ತುಂಡು ಕೇಳಿ. ಕೊಟ್ಟವನಿಗೆ ಇದು ಗೊತ್ತಿರಲೇಬೇಕು. ದುಡ್ಡು ವಾಪಸ್ ಕೇಳಿ.

ಕುಂಡದಲ್ಲಿ ಹಣ್ಣು ಅಪರೂಪ. ದೊಡ್ಡ ಡ್ರಮ್, ಗಟ್ಟಿ ಕಂಬ, ಒಳ್ಳೆ ಬೆಳಕು ಇದ್ದರೆ ಆಗುವುದೇ ಇಲ್ಲ ಎಂದು ಹೇಳಲಾರೆ. ಆದರೆ ಹಣ್ಣಿನ ಆಸೆಗೆ ಕುಂಡದಲ್ಲಿ ಇಡಬೇಡಿ, ಎಲೆಯ ಅಂದಕ್ಕೆ ಇಡಿ. ಅಪಾರ್ಟ್‌ಮೆಂಟಿನ ಕೆಳಗೆ ಕಾಂಪೌಂಡ್ ಪಕ್ಕ ಮರ ಇರುತ್ತದಲ್ಲ, ಅಸೋಸಿಯೇಷನ್‌ನವರನ್ನು ಕೇಳಿ ಅದರ ಬುಡದಲ್ಲಿ ಒಂದು ತುಂಡು ಊರಿಬಿಡಿ.

ಎಂಟನೇ_ಮಹಡಿ (ಬೆಂಗಳೂರು)

ಅಸೋಸಿಯೇಷನ್‌ನವರ ಒಪ್ಪಿಗೆ ಸಿಗುವಷ್ಟರಲ್ಲಿ ಹಣ್ಣೇ ಆಗಿಹೋಗಿರುತ್ತದೆ! ಆದರೂ ಕೇಳುತ್ತೇನೆ. ಬಿಳಿ ಚುಕ್ಕೆ ಇರುವ ಥಾಯ್ ಕಾನ್ಸ್ಟಲೇಷನ್ ಅಂತ ಒಂದು ಇದೆಯಲ್ಲ, ಅದಕ್ಕೆ ದುಡ್ಡು ಜಾಸ್ತಿ. ಅದರ ಹಣ್ಣು ಇನ್ನೂ ಚೆನ್ನಾಗಿರುತ್ತದಾ?

ಗಿಡಮೇಷ್ಟ್ರು (ಶಿವಮೊಗ್ಗ)

ಅದು ಇದೇ ಜಾತಿಯ ಗಿಡ. ಥಾಯ್ಲೆಂಡಿನ ಲ್ಯಾಬಿನಲ್ಲಿ ಅಂಗಾಂಶ ಕೃಷಿಯಿಂದ (ಟಿಶ್ಯೂ ಕಲ್ಚರ್) ಬಂದದ್ದು. ಎಲೆಯ ಬಿಳಿ ಭಾಗದಲ್ಲಿ ಹರಿತ್ತು, ಅಂದರೆ ಬಿಸಿಲಿನಿಂದ ಆಹಾರ ತಯಾರಿಸುವ ಹಸಿರು ವಸ್ತು, ಇರುವುದಿಲ್ಲ. ಆದ್ದರಿಂದ ಬೆಳವಣಿಗೆ ನಿಧಾನ. ಹಣ್ಣು ಬೇಕಾದವರು ಸಾದಾ ಹಸಿರಿನದನ್ನೇ ಹಾಕಬೇಕು. ಅಗ್ಗ, ಗಟ್ಟಿ, ಬೇಗ ಬೆಳೆಯುತ್ತದೆ.

ಎಲೆಯ ಮಾತು ಬಂದದ್ದಕ್ಕೆ ಒಂದು ವಿಷಯ. ತೂತು ಯಾಕೆ ಎಂದು ಮಕ್ಕಳು ಕೇಳುತ್ತಲೇ ಇರುತ್ತಾರೆ. ಗಾಳಿ ಹೋಗಲಿ ಎಂದು ಕೆಲವರು, ಮಳೆ ನೀರು ಬೇರಿಗೆ ಇಳಿಯಲಿ ಎಂದು ಕೆಲವರು ಹೇಳುತ್ತಿದ್ದರು. 2013ರಲ್ಲಿ ಕ್ರಿಸ್ಟೋಫರ್ ಮ್ಯೂರ್ ಎಂಬ ವಿಜ್ಞಾನಿ ಬೇರೆ ವಿವರಣೆ ಕೊಟ್ಟರು. ದಟ್ಟ ಕಾಡಿನ ನೆಲಕ್ಕೆ ಬಿಸಿಲು ಚೂರು ಚೂರಾಗಿ ಬರುತ್ತದೆ, ಎಲ್ಲಿ ಬೀಳುತ್ತದೆ ಎಂದು ಹೇಳಲಾಗದು. ಅಷ್ಟೇ ಎಲೆಯನ್ನು ತೂತು ಬಿಟ್ಟು ಅಗಲವಾಗಿ ಹರಡಿದರೆ, ಒಂದಲ್ಲ ಒಂದು ಚೂರು ಬಿಸಿಲು ಸಿಕ್ಕೇ ಸಿಗುತ್ತದೆ. ಒಮ್ಮೆ ಭರ್ಜರಿ, ಒಮ್ಮೆ ಉಪವಾಸ ಅನ್ನುವ ಬದಲು ದಿನಾ ಸ್ವಲ್ಪ ಸ್ವಲ್ಪ. ನನಗೆ ಈ ವಾದ ಒಪ್ಪಿಗೆಯಾಗುತ್ತದೆ.

ಬಡಗು_ಮನೆ (ಸಾಗರ)

ನಮ್ಮ ಕಡೆ ಕಾಡಲ್ಲಿ ಇದೇ ಥರ ತೂತಿನ ಎಲೆಯ ಬಳ್ಳಿ ಮರದ ಮೇಲೆ ಇರುತ್ತದೆ. ಅದರ ಹಣ್ಣನ್ನೂ ತಿನ್ನಬಹುದಾ?

ಗಿಡಮೇಷ್ಟ್ರು (ಶಿವಮೊಗ್ಗ)

ಬೇಡ. ನೀವು ನೋಡಿದ್ದು ರಾಫಿಡೋಫೊರಾ ಪರ್ಟೂಸಾ ಇರಬಹುದು. ದಕ್ಷಿಣ ಭಾರತ, ಶ್ರೀಲಂಕಾದ ಕಾಡಿನ ಬಳ್ಳಿ. ಒಂದು ಕಾಲಕ್ಕೆ ಅದನ್ನೂ ಮಾನ್ಸ್ಟೆರಾ ಎಂದೇ ಕರೆದಿದ್ದರು. ನೆಂಟನೇ ಹೊರತು ಈ ಹಣ್ಣಿನ ಗಿಡ ಅಲ್ಲ. ಹಾಗೆಯೇ ನರ್ಸರಿಯಲ್ಲಿ ಸಿಗುವ ಸೆಲ್ಲೋಮ್ ಫಿಲೋಡೆಂಡ್ರಾನ್ ಜೊತೆಗೂ ಗೊಂದಲ ಆಗುತ್ತದೆ. ಅದರ ಎಲೆಯ ಅಂಚು ಸೀಳಿರುತ್ತದೆ, ಒಳಗೆ ತೂತು ಇರುವುದಿಲ್ಲ. ಬಲಿತ ಡೆಲಿಸಿಯೋಸಾಕ್ಕೆ ಅಂಚಿನ ಸೀಳೂ ಇರುತ್ತದೆ, ನಡುನರದ ಪಕ್ಕ ಸಣ್ಣ ತೂತೂ ಇರುತ್ತದೆ. ಕುಂಡದಲ್ಲಿ ನೇತುಹಾಕುವ, ಸಣ್ಣ ಎಲೆಯ ಅಡಾನ್ಸೋನಿ ಎಂಬ ಮಾನ್ಸ್ಟೆರಾ ಕೂಡ ಬೇರೆ ಜಾತಿ. ಗುರುತು ಪಕ್ಕಾ ಆಗದೆ ಯಾವುದನ್ನೂ ಬಾಯಿಗೆ ಹಾಕಬೇಡಿ.

ಪುಟ್ಟಿಯ_ಅಮ್ಮ (ಮೈಸೂರು)

ಮನೆಯಲ್ಲಿ ಸಣ್ಣ ಮಕ್ಕಳು, ನಾಯಿ, ಬೆಕ್ಕು ಇರುವವರಿಗೆ ಒಂದು ಮಾತು. ನಮ್ಮ ಬೆಕ್ಕು ಇದರ ಎಲೆ ಕಡಿದು ಜೊಲ್ಲು ಸುರಿಸಿಕೊಂಡು, ಬಾಯಿ ಉಜ್ಜಿಕೊಂಡು ಓಡಾಡಿತ್ತು. ಡಾಕ್ಟರ್ ನೋಡಿ ಬಾಯಿ ತೊಳೆಸಿದರು, ಸರಿಹೋಯಿತು. ಅವತ್ತಿನಿಂದ ಗಿಡ ಹೊರಗೆ.

ಮನುಷ್ಯರಿಗೆ ಆದರೂ ಅಷ್ಟೇ. ಬಾಯಿ ಉರಿದರೆ ಉಗಿದು, ಬಾಯಿ ತೊಳೆದು, ತಣ್ಣನೆ ಹಾಲೋ ಮೊಸರೋ ತೆಗೆದುಕೊಳ್ಳಿ. ನಾಲಿಗೆ ದಪ್ಪವಾಗಿ ಊದಿಕೊಂಡರೆ ಅಥವಾ ಉಸಿರಾಡಲು ಕಷ್ಟವಾದರೆ ಮನೆಮದ್ದು ಬೇಡ, ಸೀದಾ ಆಸ್ಪತ್ರೆಗೆ ಹೋಗಿ. ಪೂರ್ತಿ ಮಾಗಿದ ಹಣ್ಣೂ ಕೆಲವರಿಗೆ ಒಗ್ಗುವುದಿಲ್ಲ. ಮೊದಲ ಸಲ ಒಂದೆರಡು ತೊಳೆ ತಿಂದು ನೋಡಿ. ಕಿಡ್ನಿಯಲ್ಲಿ ಕಲ್ಲು ಇರುವವರು ಡಾಕ್ಟರನ್ನು ಕೇಳಿಯೇ ತಿನ್ನಿ.

ಹಿತ್ತಲ_ಗಿಡ (ಬೆಂಗಳೂರು)

ಇಷ್ಟೊಂದು ಉತ್ತರ! ಎಲ್ಲರಿಗೂ ಥ್ಯಾಂಕ್ಸ್. ತೊಟ್ಟಿನ ಕಡೆ ನೋಡಿದೆ. ಸಂದು ಎಲ್ಲೂ ಬಿಟ್ಟಿಲ್ಲ. ಕಾಯುತ್ತೇನೆ. ಕೆಳಗಿನ ಕಾಯಿಗೆ ಹಳೇ ಬಟ್ಟೆಯ ಚೀಲ ಕಟ್ಟಿದ್ದೇನೆ, ಇಲ್ಲದಿದ್ದರೆ ಅಳಿಲು ಮೊದಲು ರುಚಿ ನೋಡುತ್ತದೆ.

*(ಕೆಲವು ತಿಂಗಳ ನಂತರ)*

ಹಿತ್ತಲ_ಗಿಡ (ಬೆಂಗಳೂರು)

ಹಣ್ಣಾಯಿತು! ಚೀಲದೊಳಗೆ ನಾಲ್ಕೈದು ಚಿಪ್ಪು ಬಿದ್ದಿದ್ದವು. ಅಕ್ಕ ಹೇಳಿದ ಹಾಗೆ ತೊಟ್ಟು ಸಮೇತ ಕೊಯ್ದು ಲೋಟದಲ್ಲಿ ನಿಲ್ಲಿಸಿದೆ. ಮಾರನೇ ದಿನ ಬೆಳಗ್ಗೆ ಅಡುಗೆಮನೆಗೆ ಹೋದರೆ ಪರಿಮಳವೋ ಪರಿಮಳ.

ಮೊದಲು ನಾನು ಎರಡು ತೊಳೆ ತಿಂದು ಸ್ವಲ್ಪ ಹೊತ್ತು ಕಾದೆ. ಏನೂ ಆಗಲಿಲ್ಲ. ಮೆತ್ತಗೆ, ರಸ ರಸ, ಸಿಹಿ ಜೊತೆ ಚೂರು ಹುಳಿ. ಮಗಳಿಗೆ ಬಹಳ ಇಷ್ಟವಾಯಿತು. ನನ್ನವರಿಗೆ ಗಂಟಲಲ್ಲಿ ಒಂಚೂರು ಕೆರೆತ ಬಂತು, ಕಪ್ಪು ಚುಕ್ಕೆ ತೆಗೆಯದೆ ಬಾಯಿಗೆ ಹಾಕಿಕೊಂಡಿದ್ದರು. ನೀರು ಕುಡಿದು ಸರಿಹೋಯಿತು. ಅತ್ತೆ ಮೂರು ದಿನ ಮುಟ್ಟಲಿಲ್ಲ. ನಾಲ್ಕನೇ ದಿನ ಮಗಳ ತಟ್ಟೆಯಿಂದ ಒಂದು ತೊಳೆ ತೆಗೆದುಕೊಂಡು "ಹಲಸಿನ ಹಣ್ಣಿನಷ್ಟು ಇಲ್ಲ" ಅಂದರು. ಆಮೇಲೆ ಇನ್ನೊಂದು ತೆಗೆದುಕೊಂಡರು.

ತುದಿಯ ಎರಡು ಬೆರಳಿನಷ್ಟು ಭಾಗದ ಚಿಪ್ಪು ಬೀಳಲೇ ಇಲ್ಲ. ಒಣಗುತ್ತಾ ಬಂತು. ಬಿಸಾಕಿದೆ. ಎಲ್ಲರಿಗೂ ಹಾಗೇ ಆಗುತ್ತದಾ?

ಬ್ರಿಸ್ಬೇನ್_ಅಕ್ಕ (ಆಸ್ಟ್ರೇಲಿಯಾ)

ನನಗೂ ಎಷ್ಟೋ ಸಲ ಆಗಿದೆ. ಬಿಸಾಕಿದ್ದೇ ಒಳ್ಳೆಯದು. ಒಳಗೆ ಬೆಳ್ಳಗೆ ಕಂಡರೂ ಅದು ಕಾಯಿಯೇ. ಮುಂದಿನ ಸಲ ಇನ್ನೂ ಒಂದೆರಡು ಸಾಲು ಚಿಪ್ಪು ಬೀಳುವ ತನಕ ಬಳ್ಳಿಯಲ್ಲೇ ಬಿಡಿ, ತುದಿಯೂ ಚೆನ್ನಾಗಿ ಬಲಿತಿರುತ್ತದೆ. ಅಳಿಲಿಗೆ ಚೀಲ ಇದ್ದೇ ಇದೆಯಲ್ಲ.

ಪತ್ರೊಡೆ_ಪ್ರೇಮಿ (ಉಡುಪಿ)

ಪಲ್ಯ ಬೇಡ ಅಂದಿರಿ, ಬಿಟ್ಟೆ. ರಸಾಯನಕ್ಕೆ ಏನೂ ತಕರಾರಿಲ್ಲ ಅಲ್ವಾ? ಬಾಳೆಹಣ್ಣಿನ ರಸಾಯನ ಮಾಡುವ ಹಾಗೆ ತೆಂಗಿನ ಹಾಲು, ಬೆಲ್ಲ, ಏಲಕ್ಕಿ ಹಾಕಿ ಕಡೆಯಲ್ಲಿ ಈ ತೊಳೆ ಸೇರಿಸಿದರೆ?

ಬ್ರಿಸ್ಬೇನ್_ಅಕ್ಕ (ಆಸ್ಟ್ರೇಲಿಯಾ)

ಚೆನ್ನಾಗಿರುತ್ತದೆ. ಏಲಕ್ಕಿ ಕಡಿಮೆ ಮಾಡಿ, ಹಣ್ಣಿಗೇ ಸಾಕಷ್ಟು ಪರಿಮಳ ಇದೆ. ದಿನಾ ಸ್ವಲ್ಪ ಸ್ವಲ್ಪವೇ ಸಿಗುವುದರಿಂದ ಉದುರಿದ ತೊಳೆಗಳನ್ನು ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿ ಇಟ್ಟು ಕೂಡಿಸಿಕೊಳ್ಳಿ. ಮಾಗಿದ ತೊಳೆಗೆ ಫ್ರಿಜ್ ಆಗುತ್ತದೆ, ಮಾಗುತ್ತಿರುವ ಹಣ್ಣಿಗೆ ಆಗುವುದಿಲ್ಲ.

ಖಡಕ್_ರೊಟ್ಟಿ (ಧಾರವಾಡ)

ಎಲ್ಲಾ ಓದಿದೆ. ಅನಾನಸ್ ತಂದರ ಅರ್ಧ ತಾಸಿನ ಕೆಲಸ ಅಂದವ ನಾನೇ. ಈಗ ಮನಿಯಾಕಿ ಇದನ್ನ ಓದಿ "ಹಿತ್ತಲದಾಗ ಮಾವಿನ ಗಿಡ ಖಾಲಿ ನಿಂತದ" ಅನ್ನಾಕತ್ತಾಳ. @ಕಾಫಿ_ಕಣ, ಒಂದು ತುಂಡು ಸಿಗತದೇನ್ರೀ? ಮಡಿಕೇರಿಯಿಂದ ಧಾರವಾಡಕ್ಕ ಬರೂತನಕ ಬದುಕತದೇನು?

ಕಾಫಿ_ಕಣ (ಮಡಿಕೇರಿ)

ಆರಾಮಾಗಿ ಬದುಕುತ್ತದೆ. ಎರಡು ಗೆಣ್ಣು ಇರುವ ತುಂಡು ಕೊಡುತ್ತೇನೆ. ಕತ್ತರಿಸಿದ ಜಾಗ ಒಂದು ದಿನ ನೆರಳಲ್ಲಿ ಒಣಗಿಸಿ, ಬೀಳಲಿಗೆ ಒದ್ದೆ ತೆಂಗಿನ ನಾರು ಸುತ್ತಿ, ಮೇಲೆ ಪೇಪರ್ ಕಟ್ಟಿ ಕಳಿಸುತ್ತೇನೆ. ಎಲೆ ದೊಡ್ಡದಿದ್ದರೆ ಅರ್ಧ ಕತ್ತರಿಸುತ್ತೇನೆ, ಗಾಬರಿಯಾಗಬೇಡಿ. ಆದರೆ ಈಗ ಬೇಡ, ನಿಮ್ಮ ಕಡೆ ಬಿಸಿಲು ಜೋರು. ಮಳೆ ಹಿಡಿಯಲಿ, ಜೂನ್‌ನಲ್ಲಿ ಕಳಿಸುತ್ತೇನೆ. ಅಷ್ಟರಲ್ಲಿ ಮಾವಿನ ಬುಡದಿಂದ ಒಂದಡಿ ದೂರ ಗುಂಡಿ ತೆಗೆದು ಗೊಬ್ಬರ ಹಾಕಿಡಿ. ಉತ್ತರ ದಿಕ್ಕು ಅಥವಾ ಪೂರ್ವ ದಿಕ್ಕು ನೋಡಿ, ಪಶ್ಚಿಮದ ಕಡೆ ಬೇಡ.

ಖಡಕ್_ರೊಟ್ಟಿ (ಧಾರವಾಡ)

ಪೂರ್ವಕ್ಕ ಎಮ್ಮಿ ಕಟ್ಟತೀವ್ರಿ. ಉತ್ತರಕ್ಕ ತೆಗೀತೀನಿ.